ದೋಣಿ ನಿಲ್ಲುವ ಊರು, ಎತ್ತು ಹೊರಡುವ ಊರು

ಹೊನ್ನಾವರದಿಂದ ಸಾಗರಕ್ಕೆ ಬಸ್ಸಿನಲ್ಲಿ ಹೋದವರಿಗೆ ಗೇರುಸೊಪ್ಪೆ ಎಂದರೆ ಘಟ್ಟ ಶುರುವಾಗುವ ಜಾಗ, ಅಷ್ಟೆ. ಚಹಾ ಬೇಕಾದವರು ಇಳಿದು ಕುಡಿಯಬಹುದು, ತಿರುವಿನಲ್ಲಿ ಹೊಟ್ಟೆ ತೊಳೆಸುವವರು ನಿಂಬೆಹಣ್ಣು ಕೈಯಲ್ಲಿ ಹಿಡಿದುಕೊಳ್ಳಬಹುದು. ಆಮೇಲೆ ಕಾಡು, ತಿರುವು, ಮಾವಿನಗುಂಡಿ, ಜೋಗ. ಹೀಗೆ ನಾವು ದಾಟಿಹೋಗುವ ಈ ಊರು 450 ವರ್ಷಗಳ ಹಿಂದೆ ಒಂದು ರಾಜ್ಯದ ರಾಜಧಾನಿಯಾಗಿತ್ತು. ಇಲ್ಲಿಂದ ಹೊರಟ ಕಾಳುಮೆಣಸು ಯುರೋಪಿನ ಅಡುಗೆಮನೆಗಳವರೆಗೆ ಹೋಗುತ್ತಿತ್ತು. ಇಂಥ ಊರು ಯಾಕೆ ಇಲ್ಲೇ ಹುಟ್ಟಿತು, ಆಮೇಲೆ ಯಾಕೆ ಇಷ್ಟು ಬೇಗ ಕಾಡಾಯಿತು ಎಂಬುದು ನಮ್ಮ ಪ್ರಶ್ನೆಯಾಗಿತ್ತು.

ಉತ್ತರ ಪುಸ್ತಕದಲ್ಲೂ ಇದೆ. ಆದರೆ ನಾವು ನಾಲ್ವರು ಅದನ್ನು ಸೈಕಲ್ಲಿನಲ್ಲಿ ಹುಡುಕಿದೆವು. ಇಬ್ಬರ ಹತ್ತಿರ ಗೇರಿನ ಸೈಕಲ್ಲು, ಒಬ್ಬರದು ಅಪ್ಪನ ಕಾಲದ ಕರಿ ಸೈಕಲ್ಲು. ನಾಲ್ಕನೆಯದು ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು, ಈಗ ಅದರಲ್ಲಿ ಮೂಲದ ಭಾಗ ಎಂದು ಉಳಿದಿರುವುದು ಚೌಕಟ್ಟು ಮಾತ್ರ. ಹೊನ್ನಾವರದಿಂದ ಇಕ್ಕೇರಿಗೆ ಎರಡು ದಿನ. ಕಾರಿನಲ್ಲಿ ಹೋದರೆ ದಾರಿಯ ಏರು ಎಂಜಿನ್ನಿಗೆ ಗೊತ್ತಾಗುತ್ತದೆ, ಸೈಕಲ್ಲಿನಲ್ಲಿ ಹೋದರೆ ತೊಡೆಗೆ ಗೊತ್ತಾಗುತ್ತದೆ. ಈ ದಾರಿಯ ಇತಿಹಾಸ ಅರ್ಥವಾಗಬೇಕಾದರೆ ಏರು ಎಲ್ಲಿ ಶುರುವಾಗುತ್ತದೆ ಎಂಬುದು ತೊಡೆಗೇ ಗೊತ್ತಾಗಬೇಕು.

ಮೊದಲ ದಿನ ಬೆಳಿಗ್ಗೆ ಹೊನ್ನಾವರದಿಂದ ಗೇರುಸೊಪ್ಪೆಗೆ ಸುಮಾರು 30 ಕಿಲೋಮೀಟರ್. ಅಲ್ಲಲ್ಲಿ ಸಣ್ಣ ದಿಬ್ಬ ಬಿಟ್ಟರೆ ದಾರಿ ಹೆಚ್ಚುಕಡಿಮೆ ಸಮತಟ್ಟು. ಪಕ್ಕದಲ್ಲಿ ಶರಾವತಿ ತೋರುತ್ತದೆ, ಮರೆಯಾಗುತ್ತದೆ, ಮತ್ತೆ ತೋರುತ್ತದೆ. ತೆಂಗು, ಅಡಿಕೆ, ಗದ್ದೆ, ನಡುವೆ ಹೊಳೆಗೆ ಇಳಿಯುವ ಮೆಟ್ಟಿಲು, ಕಟ್ಟಿಹಾಕಿದ ದೋಣಿ. ಇಷ್ಟು ದೂರ ಬಂದರೂ ನೀವು ಸಮುದ್ರದ ಮಟ್ಟದಿಂದ ಹೆಚ್ಚೇನೂ ಮೇಲೆ ಬಂದಿರುವುದಿಲ್ಲ. ಕಡಲಿನ ಉಬ್ಬರ ಹೊಳೆಯೊಳಗೆ ಬಹುದೂರ ಏರಿ ಬರುತ್ತದೆ. ಉಬ್ಬರ ಹಿಡಿದು ದೋಣಿ ಮೇಲಕ್ಕೆ ಬರಬಹುದು, ಇಳಿತ ಹಿಡಿದು ಸರಕು ತುಂಬಿಕೊಂಡು ಕೆಳಕ್ಕೆ ಹೋಗಬಹುದು. ಗೇರುಸೊಪ್ಪೆ ಮುಟ್ಟಿದ ಮೇಲೆ ಆಟ ಮುಗಿಯಿತು. ಮುಂದೆ ಬಂಡೆ, ಕಣಿವೆ, ಎದುರಿಗೆ ಗೋಡೆಯಂತೆ ಸಹ್ಯಾದ್ರಿ. ಅಲ್ಲಿಂದ ಮೇಲಕ್ಕೆ ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಬೇಕು.

ಅಂದರೆ ಇದು ದೋಣಿ ನಿಲ್ಲುವ ಊರು, ಹೇರು ಎತ್ತು ಹೊರಡುವ ಊರು. ಒಂದು ವಾಹನ ಸೋತು ಇನ್ನೊಂದು ವಾಹನ ಹೂಡಬೇಕಾದ ಜಾಗದಲ್ಲಿ ಸರಕು ಇಳಿಸಬೇಕು, ತೂಗಬೇಕು, ಮಳೆಗೆ ನೆನೆಯದಂತೆ ಮುಚ್ಚಿಡಬೇಕು, ಸುಂಕ ಕಟ್ಟಬೇಕು, ರಾತ್ರಿ ಉಳಿಯಬೇಕು. ಉಳಿಯುವವರಿಗೆ ಊಟ ಬೇಕು, ಸಾಲ ಕೊಡುವವರು ಬೇಕು, ದೇವರು ಬೇಕು. ಊರು ಹುಟ್ಟಲು ಇನ್ನೇನು ಬೇಕು?

ಹಳೆಯ ದಾಖಲೆಗಳಲ್ಲಿ ಈ ನಾಡಿಗೆ ನಗಿರೆ ಎಂದು ಹೆಸರು. ಇಲ್ಲಿ ಆಳಿದವರು ಜೈನ ಧರ್ಮದ ಸಾಳುವ ಮನೆತನದವರು, ವಿಜಯನಗರಕ್ಕೆ ನಡೆದುಕೊಂಡು ಬಂದವರು. ಅವರಲ್ಲಿ ಹೆಚ್ಚು ಹೆಸರಾದವಳು ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅರ್ಧ ಶತಮಾನಕ್ಕೂ ಮೇಲೆ ಆಳಿದಳು ಎಂದು ಇತಿಹಾಸಕಾರರು ಹೇಳುತ್ತಾರೆ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಯನ್ನೂ, ಕಾಡಿನ ನಡುವಿನ ಕಾನೂರು ಕೋಟೆಯನ್ನೂ ಅವಳ ಹೆಸರಿನೊಂದಿಗೆ ಸೇರಿಸಿ ಹೇಳುವ ರೂಢಿಯಿದೆ. ಪೋರ್ಚುಗೀಸರು ಅವಳಿಗೆ ಇಟ್ಟ ಹೆಸರು ‘ರೈನಾ ದ ಪಿಮೆಂಟಾ’, ಅಂದರೆ ಮೆಣಸಿನ ರಾಣಿ. ಶತ್ರುಗಳು ಇಟ್ಟ ಅಡ್ಡಹೆಸರು ಎಷ್ಟೋ ಸಲ ಬಿರುದಿಗಿಂತ ನಿಜವಾಗಿರುತ್ತದೆ.

ಮೆಣಸು ಬೆಳೆಯುತ್ತಿದ್ದದ್ದು ಘಟ್ಟದ ಮೇಲಿನ ಮತ್ತು ನಡುವಿನ ಕಾಡು, ತೋಟಗಳಲ್ಲಿ. ಬಳ್ಳಿಗೆ ಮರ ಬೇಕು, ನೆರಳು ಬೇಕು, ಮಳೆ ಬೇಕು. ಚಳಿಗಾಲ ಕಳೆಯುವ ಹೊತ್ತಿಗೆ ಕೊಯ್ದು, ಅಂಗಳದಲ್ಲಿ ಒಣಗಿಸಿ, ಚೀಲ ತುಂಬಿ, ಎತ್ತಿನ ಬೆನ್ನ ಮೇಲೋ ಆಳಿನ ತಲೆಯ ಮೇಲೋ ಹೇರಿ ಇಳಿಸುತ್ತಿದ್ದರು. ಇವತ್ತೂ ಶಿರಸಿ, ಸಿದ್ದಾಪುರ, ಸಾಗರದ ಕಡೆ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ತೋಟ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ವಿವರಿಸಬೇಕಾದ್ದು ಲೆಕ್ಕ. ಬೆಳೆದವನಿಗೆ ಸಿಕ್ಕ ಕಾಸು ಸಣ್ಣದು. ಹಡಗಿನವನಿಗೆ ಸಿಕ್ಕದ್ದು ದೊಡ್ಡದು. ನಡುವಿನ ದಾರಿ ಯಾರ ಕೈಯಲ್ಲಿದೆಯೋ ಅವರಿಗೆ ಪ್ರತಿ ಮೂಟೆಯ ಮೇಲೆ ಪಾಲು.

ಚೆನ್ನಭೈರಾದೇವಿಯ ಬಲವೂ ಅಪಾಯವೂ ಇಲ್ಲೇ ಇತ್ತು. ಹೊಳೆಯ ಬಾಯಿ ಹೊನ್ನಾವರ. ಅದನ್ನು 1569ರ ಹೊತ್ತಿಗೆ ಪೋರ್ಚುಗೀಸರು ಹಿಡಿದು ಕೋಟೆ ಕಟ್ಟಿಕೊಂಡರು. ಘಟ್ಟದ ನೆತ್ತಿಯ ಆಚೆ ಕೆಳದಿಯ ನಾಯಕರು ಬೆಳೆಯುತ್ತಿದ್ದರು. 1565ರಲ್ಲಿ ವಿಜಯನಗರ ಸೋತ ಮೇಲೆ ಅವರನ್ನು ತಡೆಯುವ ಕೈ ಸಡಿಲವಾಯಿತು. ಕೆಳಗೆ ಬಾಯಿ ಒಬ್ಬರದು, ಮೇಲೆ ತಲೆ ಇನ್ನೊಬ್ಬರದು, ಕುತ್ತಿಗೆ ಮಾತ್ರ ರಾಣಿಯದು. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ವರ್ಷ ನಡೆಸಿದಳು ಎಂಬುದೇ ನಮಗೆ ದೊಡ್ಡದಾಗಿ ಕಾಣುತ್ತದೆ. ಯುದ್ಧಗಳ ಪಟ್ಟಿ ಓದುವಾಗ ಇದು ತಲೆಗೆ ಹೋಗಿರಲಿಲ್ಲ. ಹಿಂದೆ ಸಪಾಟು ಹೊಳೆದಾರಿ, ಮುಂದೆ ಏರು, ನಡುವೆ ನಿಂತು ನೀರು ಕುಡಿಯುವಾಗ ಹೋಯಿತು.

1606ರ ಹೊತ್ತಿಗೆ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದ. ರಾಣಿಯನ್ನು ಸೆರೆಹಿಡಿದು ಘಟ್ಟದ ಮೇಲೆ ಕೆಳದಿಗೆ ಒಯ್ದರು. ಅವಳು ಸೆರೆಯಲ್ಲೇ ತೀರಿಕೊಂಡಳು ಎನ್ನುತ್ತಾರೆ. ಮೆಣಸು ಇಳಿಯುತ್ತಿದ್ದ ದಾರಿಯಲ್ಲಿ ಅವಳನ್ನು ಹತ್ತಿಸಿದರು.

ಇದಾದ 17 ವರ್ಷಕ್ಕೆ, 1623ರ ಮಳೆಗಾಲ ಮುಗಿದ ಮೇಲೆ, ಇದೇ ಹೊಳೆಯಲ್ಲಿ ದೋಣಿಯೇರಿ ಒಬ್ಬ ಇಟಲಿಯವನು ಬಂದ. ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ, ರೋಮ್ ನಗರದ ಶ್ರೀಮಂತ. ವ್ಯಾಪಾರಿಯಲ್ಲ, ಪಾದ್ರಿಯಲ್ಲ, ಸೈನಿಕನಲ್ಲ. ನೋಡುವುದಕ್ಕೆಂದೇ ಊರೂರು ತಿರುಗಿದವನು, ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಪತ್ರ ಬರೆದವನು. ಗೋವೆಯ ಪೋರ್ಚುಗೀಸರು ಇಕ್ಕೇರಿಗೆ, ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳಿಸುತ್ತಿದ್ದರು. ಅವನ ಜೊತೆ ಇವನೂ ಹೊರಟ.

ಹೊನ್ನಾವರದಿಂದ ಗೇರುಸೊಪ್ಪೆಯವರೆಗಿನ ಹೊಳೆಯನ್ನು ಅವನು ಬಾಯ್ತುಂಬ ಹೊಗಳುತ್ತಾನೆ. ತುರ್ಕಿ, ಈಜಿಪ್ಟ್, ಪರ್ಷಿಯಾ ಎಲ್ಲ ಸುತ್ತಿ ಬಂದವನು, ತಾನು ಕಂಡ ಅತಿ ಚೆಂದದ ಹೊಳೆಗಳಲ್ಲಿ ಇದೂ ಒಂದು ಎನ್ನುತ್ತಾನೆ. ನಮ್ಮ ಹೊಳೆಗೆ ಸಿಕ್ಕ ಹೊಗಳಿಕೆಯನ್ನು ನಾವೂ ಒಪ್ಪಿಕೊಂಡು ಒಂದು ಗಳಿಗೆ ಸೈಕಲ್ ನಿಲ್ಲಿಸಿದೆವು. ಆದರೆ ಗೇರುಸೊಪ್ಪೆಗೆ ಬಂದಾಗ ಅವನಿಗೆ ಕಂಡದ್ದು ಬೇರೆ. ಹಿಂದೆ ರಾಣಿಯೊಬ್ಬಳ ರಾಜಧಾನಿಯಾಗಿದ್ದ ಹೆಸರಾಂತ ಪಟ್ಟಣ ಹಾಳುಬಿದ್ದಿದೆ, ಅರಮನೆಯ ಜಾಗದಲ್ಲಿ ಗಿಡಮರ ಬೆಳೆದಿದೆ, ರೈತರ ಕೆಲವು ಗುಡಿಸಲು ಮಾತ್ರ ಉಳಿದಿವೆ ಎಂದು ಬರೆಯುತ್ತಾನೆ. 17 ವರ್ಷ! ನಮ್ಮಲ್ಲಿ ಒಂದು ಹಲಸಿನ ಮರ ನೆಟ್ಟು ಹಣ್ಣು ತಿನ್ನುವಷ್ಟು ಕಾಲ. ಅಷ್ಟರಲ್ಲಿ ರಾಜಧಾನಿ ಕಾಡಾಗಿತ್ತು.

ಹಾಳಾದದ್ದಕ್ಕೆ ಅವನು ಒಂದು ಕಾರಣವನ್ನೂ ಕೊಡುತ್ತಾನೆ. ರಾಣಿ ಯಾರೋ ಪರಸ್ಥಳದ ಸಾಮಾನ್ಯನೊಬ್ಬನನ್ನು ಮೆಚ್ಚಿ, ಅವನಿಗೆ ಅಧಿಕಾರ ಕೊಟ್ಟು ರಾಜ್ಯ ಕಳೆದುಕೊಂಡಳು ಎಂಬ ಕತೆ. ಇದನ್ನು ಅವನಿಗೆ ಹೇಳಿದವರು ಯಾರಿರಬಹುದು? ಗೆದ್ದವರ ಕಡೆಯವರು ಅಥವಾ ಪೋರ್ಚುಗೀಸರು, ಇಬ್ಬರೂ ಅವನ ಜೊತೆಗೇ ಇದ್ದರು. ಗಂಡಸು ಸೋತರೆ ಸೈನ್ಯ ಚಿಕ್ಕದಿತ್ತು ಎನ್ನುವುದು, ಹೆಂಗಸು ಸೋತರೆ ಪ್ರೇಮದ ಕತೆ ಕಟ್ಟುವುದು ನಮ್ಮೂರ ಕಟ್ಟೆಯ ಮೇಲೂ ನಡೆಯುತ್ತದೆ. ನಮಗೆ ಮೆಣಸಿನ ಲೆಕ್ಕವೇ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತದೆ. ಘಟ್ಟದ ಮೇಲಿನವನಿಗೆ ಬೇಕಿದ್ದದ್ದು ದಾರಿ, ಊರಲ್ಲ. ದಾರಿ ಸಿಕ್ಕಿದ ಮೇಲೆ ಸುಂಕ ಇಕ್ಕೇರಿಗೆ ಹೋಯಿತು, ಅಲ್ಲಿಗೇ ವ್ಯಾಪಾರಿಗಳು ಹೋದರು, ಅವರ ಹಿಂದೆ ಅಕ್ಕಸಾಲಿಗ, ನೇಕಾರ ಹೋದರು.

ಉಳಿದದ್ದು ಕಲ್ಲು. ಹೆದ್ದಾರಿ ಬಿಟ್ಟು ಕಾಡಿನ ಕಡೆ ಹೋದರೆ ನಗರಬಸ್ತಿಕೇರಿ, ಅಲ್ಲಿ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ತೀರ್ಥಂಕರರು. ಯಾವ ಕಡೆಯಿಂದ ಬಂದರೂ ಎದುರೇ ದರ್ಶನ. ಕಾರ್ಕಳದ ಚತುರ್ಮುಖ ಬಸದಿ ನೋಡಿದವರಿಗೆ ಇದು ಅದರ ಕಾಡಿನ ಬಂಧುವಿನಂತೆ ಕಾಣುತ್ತದೆ. ಕಾರ್ಕಳದ್ದು ಬಂಡೆಯ ಮೇಲೆ ಎಲ್ಲರಿಗೂ ಕಾಣುವಂತೆ ನಿಂತಿದೆ, ಇದನ್ನು ಹುಡುಕಿಕೊಂಡೇ ಹೋಗಬೇಕು. ಸುತ್ತ ಹಾಳುಬಿದ್ದ ತಳಪಾಯ, ಇನ್ನೂ ಕೆಲವು ಬಸದಿಗಳು, ಜ್ವಾಲಾಮಾಲಿನಿಯ ಗುಡಿ. ಸಂತೆ ಎಲ್ಲಿ ಕೂಡುತ್ತಿತ್ತು, ಮೂಟೆ ಎಲ್ಲಿ ತೂಗುತ್ತಿದ್ದರು ಎಂದು ತೋರಿಸುವ ಕಲ್ಲು ನಮಗೆ ಸಿಗಲಿಲ್ಲ. ಮರ, ಮಣ್ಣಿನಿಂದ ಕಟ್ಟಿದ ಅಂಗಡಿಗಳು ಮೊದಲು ಹೋಗುತ್ತವೆ.

ಇನ್ನು ಘಟ್ಟ. ಗೇರುಸೊಪ್ಪೆ ದಾಟಿದ ಕೂಡಲೇ ಏರು. ಗೇರಿಲ್ಲದ ಇಬ್ಬರು ಮೊದಲ ಎರಡು ತಿರುವಿನಲ್ಲೇ ಇಳಿದು ನೂಕತೊಡಗಿದರು, ಗೇರಿದ್ದ ಇಬ್ಬರು ಮರ್ಯಾದೆಗಾಗಿ ಇನ್ನೆರಡು ತಿರುವು ತುಳಿದರು. ಲಾರಿಗಳಿಗೆ ದಾರಿ ಬಿಟ್ಟು, ಮೋರಿಯ ಮೇಲೆ ಕೂತು, ಮತ್ತೆ ನೂಕಿ, ಮಧ್ಯಾಹ್ನ ಕಳೆಯಿತು. ದಟ್ಟ ಕಾಡು. ಸಿಂಗಳೀಕಗಳಿಗೆ ಉಳಿದಿರುವ ಕೆಲವೇ ನೆಲೆಗಳಲ್ಲಿ ಈ ಕಣಿವೆ ಒಂದು. ನಮಗೆ ಕಂಡದ್ದು ರಸ್ತೆ ಬದಿಯ ಸಾದಾ ಮಂಗಗಳು, ಬಿಸ್ಕತ್ತಿಗಾಗಿ ಕಾಯುತ್ತಿದ್ದವು. ತಿರುವೊಂದರಿಂದ ಕೆಳಗೆ ಇಡೀ ಶರಾವತಿ ಕಣಿವೆ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಪಕ್ಕದಲ್ಲಿ ಅಗಲವಾಗಿ ಬಂದ ಹೊಳೆಯ ಕಣಿವೆ ಇದೇನಾ ಎಂದು ಅನುಮಾನ ಬರುವಷ್ಟು ಆಳ.

ಇಲ್ಲಿ ಒಂದು ಮಾತು ಹೇಳಬೇಕು. ದೆಲ್ಲಾ ವಾಲ್ಲೆ ಹತ್ತಿದ್ದು ಈ ಹೆದ್ದಾರಿಯ ದಾರಿಯಲ್ಲ. ಅವನ ದಾರಿ ಹೊಳೆಯ ದಕ್ಷಿಣಕ್ಕೆ, ಗೋವರ್ಧನಗಿರಿ ಕೋಟೆಯ ಕಡೆಯಿಂದ ಹೋಗುತ್ತಿತ್ತು. ನಾವೂ ಅದನ್ನೇ ಹಿಡಿಯಬಹುದಿತ್ತಲ್ಲ ಎಂದರೆ, ನಕ್ಷೆಯಲ್ಲಿ ಗೋವರ್ಧನಗಿರಿಯಿಂದ ಇಕ್ಕೇರಿಗೆ ಒಂದು ಗೆರೆ ಎಳೆದು ನೋಡಿ. ನಡುವೆ ಲಿಂಗನಮಕ್ಕಿಯ ಹಿನ್ನೀರು ಅಡ್ಡ ಮಲಗಿದೆ.

ಆ ಹಳೆಯ ದಾರಿಯಲ್ಲಿ, ಘಟ್ಟದ ಮೇಲಿನ ಒಂದು ಹನುಮಂತನ ಗುಡಿಯಲ್ಲಿ, ಆಳುಗಳು ಹೊರೆ ಕಟ್ಟುವವರೆಗೆ ಕಾಯುತ್ತ ಕೂತಾಗ ದೆಲ್ಲಾ ವಾಲ್ಲೆಗೆ ಒಂದು ನೋಟ ಸಿಕ್ಕಿತು. ಅವನ ಪತ್ರಗಳಲ್ಲಿ ನಮಗೆ ಎಲ್ಲಕ್ಕಿಂತ ಇಷ್ಟವಾದ ಪುಟ ಇದು. ಜಗುಲಿಯ ಮೇಲೆ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದಾರೆ. ಮೇಷ್ಟ್ರಿಲ್ಲ. ನೆಲದ ಮೇಲೆ ನುಣ್ಣನೆ ಮರಳು ಹರಡಿದೆ. ಒಬ್ಬ ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಮರಳ ಮೇಲೆ ಬರೆಯುತ್ತಾನೆ, ಉಳಿದವರು ಅದೇ ರಾಗದಲ್ಲಿ ಹೇಳುತ್ತ ಬರೆಯುತ್ತಾರೆ. ಜಾಗ ತುಂಬಿದರೆ ಅಳಿಸಿ, ಮತ್ತೆ ಮರಳು ಹರಡಿ, ಮುಂದಿನದು. ಕಾಗದ ಬೇಡ, ಶಾಯಿ ಬೇಡ. ತಪ್ಪಾದರೆ ತಿದ್ದುವವರು ಯಾರು ಎಂದು ಇವನು ಕೇಳಿದ. ನಾಲ್ವರೂ ಒಂದೇ ಸಲ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂದರು ಹುಡುಗರು. ರೋಮಿನವನು ಆ ಉತ್ತರಕ್ಕೆ ತಲೆದೂಗಿದ. ರಾಜರ ಹೆಸರು ಶಾಸನದಲ್ಲಿ ಸಿಗುತ್ತದೆ, ಹಳ್ಳಿಯ ಹುಡುಗರು ಮಗ್ಗಿ ಹೇಗೆ ಕಲಿತರು ಎಂಬುದು ಇಂಥ ದಾರಿಹೋಕನ ಕಾಗದದಲ್ಲಿ ಮಾತ್ರ ಸಿಗುತ್ತದೆ.

ನಮ್ಮ ಹೆದ್ದಾರಿ ಮಾವಿನಗುಂಡಿಯಲ್ಲಿ ಘಟ್ಟದ ನೆತ್ತಿ ಮುಟ್ಟುತ್ತದೆ. ರಾತ್ರಿ ಜೋಗದಲ್ಲಿ ಉಳಿದೆವು. 253 ಮೀಟರ್ ಧುಮುಕುವ ನೀರಿನ ಬಗ್ಗೆ ನಿಮಗೆ ನಾವೇನೂ ಹೊಸದು ಹೇಳಲಾರೆವು. ಆದರೆ ಹಿರಿಯರನ್ನು ಕೇಳಿ, 1956ರ ನವೆಂಬರ್ 1ರವರೆಗೆ ಇಲ್ಲಿ ರಾಜ್ಯದ ಗಡಿಯಿತ್ತು. ಒಂದು ಕಡೆ ಮುಂಬಯಿ ಪ್ರಾಂತ್ಯ, ಇನ್ನೊಂದು ಕಡೆ ಮೈಸೂರು. ಒಂದೇ ಮಾತು ಆಡುವವರ ನಡುವೆ ಜಲಪಾತವೇ ಬೇಲಿ.

ಮರುದಿನ ದಾರಿ ಸಲೀಸು. ತಾಳಗುಪ್ಪದಲ್ಲಿ ತಿಂಡಿ. ಬೆಂಗಳೂರು, ಮೈಸೂರಿನಿಂದ ಬರುವ ರೈಲಿನ ಹಳಿ ಇಲ್ಲಿಗೆ ಮುಗಿಯುತ್ತದೆ. ಇಲ್ಲಿಂದ ಹೊನ್ನಾವರಕ್ಕೆ ಹಳಿ ಹಾಕಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. ದೋಣಿಗೆ ಗೇರುಸೊಪ್ಪೆ ಹೇಗೋ ರೈಲಿಗೆ ತಾಳಗುಪ್ಪ ಹಾಗೆ. ನಡುವಿನ ಆ ಘಟ್ಟ ದೋಣಿಯನ್ನೂ ತಡೆಯಿತು, ರೈಲನ್ನೂ ತಡೆದಿದೆ.

ಈ ಹೊಳೆಗೆ ಈಗಿನ ಕಾಲದಲ್ಲಿ ಸುಂಕವಿಲ್ಲ, ಯೂನಿಟ್ ಲೆಕ್ಕವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, 1,819 ಅಡಿಯವರೆಗೆ ನೀರು ನಿಂತಿತು. ಅದರಡಿ ಹೋದದ್ದು ಹಳೆಯ ದಾರಿ ಮಾತ್ರವಲ್ಲ. ಗದ್ದೆ, ತೋಟ, ಊರು, ದೇವಸ್ಥಾನ ಹೋದವು. 1948ರ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು, ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮೇಲೆ ಕಾಣುತ್ತದೆ. ನಾಡಿಗೆ ಬೆಳಕು ಕೊಟ್ಟು ಎದ್ದುಹೋದ ಕುಟುಂಬಗಳಿಗೆ ಕೊಟ್ಟ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕವಾದರೂ ಬಗೆಹರಿದಿಲ್ಲ. ಮೊಮ್ಮಕ್ಕಳು ಈಗ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ನಾವು ಸೈಕಲ್ ನೂಕಿದ ಅದೇ ಎತ್ತರಕ್ಕೆ ನೀರನ್ನು ನೂಕಿ, ಮತ್ತೆ ಇಳಿಸಿ ಕರೆಂಟು ತೆಗೆಯುವುದು. ಕಣಿವೆಯ ಜನರಲ್ಲಿ ಬಹಳ ಮಂದಿಗೆ ಇದು ಬೇಡ. 1606ರಲ್ಲೂ ಈಗಲೂ ಏರಿಗೆ ಬೆಲೆಯಿದೆ. ಆ ಬೆಲೆ ಏರಿನಲ್ಲಿ ಬದುಕುವವರ ಕೈಗೆ ಎಷ್ಟು ಬಂತು ಎಂದು ಕೇಳುವುದು ನಮ್ಮಂಥವರ ಕೆಲಸ.

ಸಾಗರದಿಂದ ಇಕ್ಕೇರಿಗೆ ಐದಾರು ಕಿಲೋಮೀಟರ್. ದೆಲ್ಲಾ ವಾಲ್ಲೆ ಬಂದಾಗ ಇದು ಮೂರು ಸುತ್ತಿನ ಕಾವಲಿದ್ದ ರಾಜಧಾನಿ. ಈಗ ತೋಟ, ಮನೆಗಳ ನಡುವೆ ಅಘೋರೇಶ್ವರ ದೇವಸ್ಥಾನ, ಎದುರಿಗೆ ದೊಡ್ಡ ನಂದಿಯ ಮಂಟಪ. ಸುಮಾರು 1640ರ ಹೊತ್ತಿಗೆ ರಾಜಧಾನಿ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ ಹೋಯಿತು. ಗೇರುಸೊಪ್ಪೆಯ ವ್ಯಾಪಾರವನ್ನು ನುಂಗಿದ ಊರೂ ಖಾಲಿಯಾಯಿತು. ಹೆಸರು ಮಾತ್ರ ನಾಣ್ಯದ ಮೇಲೆ ಓಡಾಡಿತು. ಬಿದನೂರಿನ ಕಾಲದಲ್ಲೂ ಜನ ‘ಇಕ್ಕೇರಿ ವರಹ’ ಎಂದೇ ಕರೆದರು.

ದೇವಸ್ಥಾನದ ಒಳಗೆ ಎರಡು ಸಂಗತಿ ನೋಡಿ. ಒಂದು, ನಡುವಿನ ಕಂಬಗಳ ಅಂತರ. ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿರುವಂತೆ ಈ ಅಂತರವೇ, ಅಂದರೆ 18 ಅಡಿ 6 ಇಂಚು, ತೋಟದ ಜಮೀನು ಅಳೆಯುವ ಕೋಲಾಗಿತ್ತು, ಅದರ ಲೆಕ್ಕದಲ್ಲೇ ಕಂದಾಯ. ಅಳತೆಯಲ್ಲಿ ಜಗಳ ಬಂದರೆ ದೇವರ ಎದುರಿನ ಕಂಬವನ್ನು ಯಾರೂ ಸರಿಸಲಾಗದು. ಇನ್ನೊಂದು, ಗರ್ಭಗುಡಿಯ ಮುಂದಿನ ನೆಲದಲ್ಲಿ ಕೆತ್ತಿದ ಮೂವರು ಅರಸರು. ಅಡ್ಡಬಿದ್ದು ನಮಸ್ಕರಿಸುತ್ತಿದ್ದಾರೆ, ಒಬ್ಬೊಬ್ಬರ ಹೆಸರೂ ಇದೆ. ಅವರಲ್ಲಿ ಹುಚ್ಚ ಸೋಮಶೇಖರನ ಕೈಕಾಲಿಗೆ ಬೇಡಿ. ಅರಸನನ್ನು ಬೇಡಿಯೊಂದಿಗೇ ಕಲ್ಲಿನಲ್ಲಿ ಕೆತ್ತಿ ಎಲ್ಲರ ಕಾಲಡಿ ಇಟ್ಟ ಧೈರ್ಯ ಯಾರದೋ.

ಇದೇ ಇಕ್ಕೇರಿಯಲ್ಲಿ ದೆಲ್ಲಾ ವಾಲ್ಲೆ ಜಕ್ಕಮ್ಮ ಎಂಬ ಹೆಂಗಸನ್ನು ಕಂಡ. ಡೋಲು ಬಾರಿಸುವವನ ಹೆಂಡತಿ. ಗಂಡ ಸತ್ತಿದ್ದ, ಇವಳು ಸಹಗಮನಕ್ಕೆ ಹೊರಟಿದ್ದಳು. ಅವಳ ಮನೆಗೇ ಹೋಗಿ, ಬೇಡ ಎಂದು ಬಗೆಬಗೆಯಾಗಿ ಹೇಳಿದ. ಅವಳು ಕೇಳಲಿಲ್ಲ. ನಿನ್ನ ಹೆಸರು ಉಳಿಯುವಂತೆ ಬರೆಯುತ್ತೇನೆ ಎಂದು ಮಾತು ಕೊಟ್ಟ, ಬರೆದ. ಅವನ ಸ್ವಂತ ಹೆಂಡತಿ ಮಾನಿ, ಬಾಗ್ದಾದಿನ ಕಡೆಯವಳು, ಎರಡು ವರ್ಷದ ಹಿಂದೆ ದಾರಿಯಲ್ಲೇ ತೀರಿಕೊಂಡಿದ್ದಳು. ಅವಳ ದೇಹವನ್ನು ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ಕೊನೆಗೆ 1626ರಲ್ಲಿ ರೋಮಿನಲ್ಲಿ ಮಣ್ಣು ಮಾಡಿದ. ಜಕ್ಕಮ್ಮನ ಬಾಗಿಲಲ್ಲಿ ನಿಂತವನು ಇಂಥವನು.

ನೀವೂ ಹೋಗುವುದಾದರೆ ನವೆಂಬರಿನಿಂದ ಜನವರಿಯೊಳಗೆ ಹೋಗಿ. ಮಳೆಗಾಲದಲ್ಲಿ ಘಟ್ಟದಲ್ಲಿ ಮಂಜು, ಜಾರಿಕೆ, ಲಾರಿ ಮೂರೂ ಸೇರುತ್ತವೆ. ಬ್ರೇಕಿನ ರಬ್ಬರು ಹೊಸದಿರಲಿ. ಕೆಳಗಿನಿಂದ ಮೇಲಕ್ಕೇ ಹೋಗಿ, ಇಳಿಯುವವರಿಗೆ ಇಲ್ಲಿಯ ಕತೆ ಅರ್ಧ ಮಾತ್ರ ತಿಳಿಯುತ್ತದೆ.

ಸಾಗರದ ಇನ್ನೊಂದು ಬದಿಗೆ ಕೆಳದಿ. ಮೂರನೆಯ ದಿನ ಅಲ್ಲಿಗೂ ತುಳಿದೆವು. ವೀರಭದ್ರ ಗುಡಿಯ ಚಾವಣಿಯಲ್ಲಿ ಗಂಡಭೇರುಂಡವಿದೆ. ಗುಡಿಯೆದುರಿನ ಕಂಬದಲ್ಲಿ ರಾಣಿ ಚೆನ್ನಮ್ಮ ಇದ್ದಾಳೆ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು. ಕಂಬ ಎಲ್ಲಿ ಎಂದು ಕೇಳುವ ಮೊದಲೇ ಊರಿನ ಹುಡುಗನೊಬ್ಬ ಕೈಹಿಡಿದು ಕರೆದೊಯ್ದು ತೋರಿಸಿದ. ಗೇರುಸೊಪ್ಪೆಯ ರಾಣಿಯನ್ನು ಸೆರೆಯಿಟ್ಟ ಜಾಗ ಯಾವುದು ಎಂದು ಕೇಳಿದೆವು. ಅವನು ಪಕ್ಕದಲ್ಲಿದ್ದ ಅಜ್ಜನನ್ನು ಕೇಳಿದ, ಅಜ್ಜ ಯಾವ ರಾಣಿ ಎಂದರು.